ಕೊಟ್ಟಿಗೆಯ ನಕ್ಷತ್ರಗಳು ಮಾಟದ ಗುರುತಲ್ಲ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬರ್ಕ್ಸ್ ಕೌಂಟಿಯ ಕೊಟ್ಟಿಗೆಗಳ ಮೇಲಿನ ಬಣ್ಣದ ನಕ್ಷತ್ರಗಳು ಮಾಟಗಾತಿಯರನ್ನು ದೂರವಿಡಲು ಅಮಿಶ್ ಎಂಬ ಕ್ರೈಸ್ತ ಪಂಥದ ಜನರು ಬರೆದವೇ ಎಂದು ಕೇಳಿದ್ದೀರಿ. ಅಮಿಶ್ ಜನರಂತೂ ಅಲ್ಲ. ಅವರದು ಅಲಂಕಾರ ಬೇಡವೆನ್ನುವ ಬದುಕು. ಇವನ್ನು ಬರೆಸಿದವರು ಜರ್ಮನ್ ಮೂಲದ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಕ್ರೈಸ್ತ ಪಂಥಗಳ ರೈತರು.

ಮಾಟದ ಕಥೆ ಹಬ್ಬಿದ್ದು ಮುಖ್ಯವಾಗಿ 1924ರಲ್ಲಿ ವ್ಯಾಲೇಸ್ ನಟಿಂಗ್ ಬರೆದ ಪುಸ್ತಕದಿಂದ. ಆಮೇಲೆ ಪ್ರವಾಸೋದ್ಯಮ ಅದನ್ನು ಬೆಳೆಸಿತು. ಆದರೆ ಕೈವಾರದಿಂದ ಎಳೆದ ಅದೇ ಆರೆಸಳಿನ ಹೂವು, ಅದೇ ನಕ್ಷತ್ರ ಆ ಜನರ ಮದುವೆಯ ಪೆಟ್ಟಿಗೆಗಳ ಮೇಲಿದೆ, ಮಕ್ಕಳ ಜನನ ಮತ್ತು ದೀಕ್ಷಾಸ್ನಾನದ ಪತ್ರಗಳಲ್ಲಿದೆ, ಸಮಾಧಿಯ ಕಲ್ಲುಗಳಲ್ಲೂ ಇದೆ. ಹುಟ್ಟಿನಿಂದ ಸಾವಿನವರೆಗೆ ಜೊತೆಗಿದ್ದ ಚಿತ್ತಾರವನ್ನು ಬರಿಯ ದುಷ್ಟಶಕ್ತಿ ಓಡಿಸುವ ಗುರುತು ಎನ್ನುವುದು ಅನ್ಯಾಯ. (ಶುಭದ ಭಾವನೆಯೇ ಇರಲಿಲ್ಲ ಎಂದೂ ಹೇಳಲಾರೆ.) 19ನೇ ಶತಮಾನದಲ್ಲಿ ಬಣ್ಣ ಕೈಗೆಟುಕುವಂತಾದಾಗ ಅದು ಕೊಟ್ಟಿಗೆಗೂ ಬಂದಿತು.

ಅಲ್ಲಿಗೆ ಹೋದಾಗ ಚಿತ್ರ ಗೋಡೆಯ ಹಲಗೆಗಳ ಮೇಲೆ ನೇರವಾಗಿ ಬರೆದದ್ದೇ ಎಂದು ನೋಡಿ. ಹಳೆಯ ಪದ್ಧತಿ ಅದು. ಮೊಳೆ ಹೊಡೆದು ಕೂರಿಸಿದ ದುಂಡು ಫಲಕವಾದರೆ, ಬಹುತೇಕ ಅದು 20ನೇ ಶತಮಾನದ ನಡುವಿನಲ್ಲಿ ಪ್ರವಾಸಿಗರಿಗೆಂದು ಜನಪ್ರಿಯವಾದ ಮಾದರಿ.