ಹಡಗು ಜಾಗ ಬಿಟ್ಟು ಸರಿದ್ರೆ ಕೆಳಗಿರೋ ಡೈವರ್ ಗತಿ ಏನು?

ಪ್ರಶ್ನೆ: ನಮ್ದು ಚಿಂತಾಮಣಿ ಹತ್ರ ಹಳ್ಳಿ ಸರ್. ತಮ್ಮ ಡೈವಿಂಗ್ ಕಲಿತು ಬಾಂಬೆ ಹೈ ಅನ್ನೋ ಸಮುದ್ರದ ತೈಲ ಬಾವಿಗಳ ಕಡೆ ಹಡಗಿಗೆ ಕೆಲಸಕ್ಕೆ ಸೇರ್ತಿದಾನೆ. ಆ ಹಡಗಿಗೆ ಲಂಗರೇ ಹಾಕಲ್ವಂತೆ, ಕಂಪ್ಯೂಟರೇ ಹಿಡ್ಕೊಂಡಿರುತ್ತಂತೆ. ಅದು ಕೆಟ್ರೆ? ಅಮ್ಮಂಗೆ ನಿದ್ದೆ ಇಲ್ಲ.

ಉತ್ತರ: ಅಮ್ಮನ ಭಯ ಸುಳ್ಳಲ್ಲಮ್ಮ, ಸುಮ್ನೆ ಧೈರ್ಯ ಹೇಳೋಕೆ ನಾನು ಹೋಗಲ್ಲ. ನಿಮ್ಮ ಕಡೆ ಬೋರ್‌ವೆಲ್ ಲಾರಿ ನೋಡೇ ಇರ್ತೀರ, ರಾಡು ಒಳಗಿರುವಾಗ ಲಾರಿ ಉರುಳಿದ್ರೆ ಏನಾಗುತ್ತೋ ಇಲ್ಲೂ ಅದೇ, ಆದ್ರೆ ಕೆಳಗಿರೋದು ಮನುಷ್ಯ, ಅವನ ಉಸಿರು, ಬೆಳಕು, ಮಾತು ಎಲ್ಲಾ ಬರೋದು ಅಂಬಿಲಿಕಲ್ ಅನ್ನೋ ಒಂದೇ ಕೊಳವೆ ಕಟ್ಟಲ್ಲಿ.

ಹಡಗು ಜಾಗ ತಪ್ಪೋದು ಎರಡು ಥರ. ಕರೆಂಟೋ, ಹಡಗನ್ನ ಜಾಗದಲ್ಲಿ ಹಿಡಿಯೋ ಫ್ಯಾನು ಅಂದ್ರೆ ಥ್ರಸ್ಟರೋ ಹೋಗಿ ಗಾಳಿ, ಸೆಳೆತಕ್ಕೆ ತೇಲಿ ಹೋಗೋದು ಒಂದು, ಕಂಪ್ಯೂಟರ್‌ಗೆ ತಪ್ಪು ಲೆಕ್ಕ ಸಿಕ್ಕಿ ಅದೇ ಹಡಗನ್ನ ತಳ್ಕೊಂಡು ಹೋಗೋದು ಇನ್ನೊಂದು, ಇದೇ ನಂಗೆ ಜಾಸ್ತಿ ಭಯ ಯಾಕಂದ್ರೆ ಇಂಜಿನ್ನಿನ ಪೂರ್ತಿ ಬಲ ಹಿಂದಿರುತ್ತೆ. ಅದಕ್ಕೇ ಹಡಗು ಎಲ್ಲಿದೆ ಅಂತ ತಿಳಿಯೋಕೆ ಜಿಪಿಎಸ್ ಒಂದನ್ನೇ ನಂಬೋ ಹಾಗಿಲ್ಲ, ತಳಕ್ಕೆ ತೂಕ ಇಳಿಸಿ ಬಿಗಿಯಾಗಿ ಹಿಡಿಯೋ ತಂತಿ, ನೀರೊಳಗೆ ಶಬ್ದದಿಂದ ದೂರ ಅಳೆಯೋ ಸಾಧನ ಹೀಗೆ 3 ಇರ್ಬೇಕು, ಎಲ್ಲಾ ಒಂದೇ ಥರದ್ದಾಗಿರಬಾರದು. ಹೀಗೆ ಲಂಗರಿಲ್ಲದೆ ಕಂಪ್ಯೂಟರಿಂದ ಜಾಗ ಹಿಡಿಯೋದಕ್ಕೆ ಡಿಪಿ ಅಂತಾರೆ, ಹಡಗು ಕನಿಷ್ಠ ಡಿಪಿ ಕ್ಲಾಸ್ 2 ಇರ್ಲಿ, ಅಂದ್ರೆ ಯಾವುದೋ ಒಂದು ಯಂತ್ರ ಕೆಟ್ರೂ ಜಾಗ ಬಿಡಬಾರದು.

ಇಷ್ಟಿದ್ರೂ 2012ರ ಸೆಪ್ಟೆಂಬರ್ 18ರಂದು ನಾರ್ತ್ ಸೀಯಲ್ಲಿ ಬಿಬಿ ಟೋಪಾಜ್ ಅನ್ನೋ ಹಡಗಿನ ಕಂಪ್ಯೂಟರ್ ಕೈಕೊಟ್ಟು ಅದು ತೇಲಿ ಹೋಯ್ತು. 90 ಮೀಟರ್ ಆಳದಲ್ಲಿದ್ದ ಡೈವರ್ ಕ್ರಿಸ್ ಲೆಮನ್ಸ್ ಅವರ ಅಂಬಿಲಿಕಲ್ ಕೆಳಗಿನ ಕಬ್ಬಿಣಕ್ಕೆ ಸಿಕ್ಕಾಕ್ಕೊಂಡು ತುಂಡಾಯ್ತು. ಬೆನ್ನ ಮೇಲಿನ ಸಿಲಿಂಡರಲ್ಲಿದ್ದದ್ದು ಕೆಲವೇ ನಿಮಿಷದ ಗ್ಯಾಸು, ವಾಪಸ್ ಬೆಲ್ (ಡೈವರ್‌ಗಳನ್ನ ಇಳಿಸಿ ಹತ್ತಿಸೋ ಮುಚ್ಚಿದ ಗೂಡು) ಒಳಗೆ ಎಳ್ಕೊಂಡಾಗ ಅರ್ಧ ಗಂಟೆಗೂ ಮೇಲಾಗಿತ್ತು. ಬದುಕಿದ್ರು, ಇವತ್ತಿಗೂ ಮೈ ಜುಮ್ಮನ್ನುತ್ತೆ. ಆದ್ರೆ ಎಲ್ಲರಿಗೂ ಹಾಗೇ ಆಗುತ್ತೆ ಅಂತ ನಂಬ್ಕೊಂಡು ಯಾರೂ ಇಳೀಬಾರದು.

ತಮ್ಮಂಗೆ ಹೇಳಿ, ಇಳಿಯೋಕೆ ಮುಂಚೆ ಸೂಪರ್‌ವೈಸರ್ ಹತ್ರ ಕೇಳ್ಲಿ: ನನ್ನ ಅಂಬಿಲಿಕಲ್ ಎಷ್ಟುದ್ದ ಬಿಡ್ತೀರ, ಹತ್ತಿರದ ಥ್ರಸ್ಟರ್ ಎಷ್ಟು ದೂರ ಅಂತ. ಅಂಬಿಲಿಕಲ್ ಆ ದೂರಕ್ಕಿಂತ ಕನಿಷ್ಠ 5 ಮೀಟರ್ ಕಮ್ಮಿ ಇರ್ಬೇಕು, ಇಲ್ಲಾಂದ್ರೆ ಫ್ಯಾನಿಗೆ ಸಿಕ್ಕುತ್ತೆ. ಹೋಗೋ ದಾರೀಲಿ ಕೊಳವೆ ಯಾವುದ್ರ ಕೆಳಗೂ ನುಸುಳದ ಹಾಗೆ, ವಾಪಸ್ ದಾರಿ ಖಾಲಿ ಇರೋ ಹಾಗೆ ನೋಡ್ಕೊಳ್ಲಿ.

ಇನ್ನೊಂದು, ನಾನು ಬಲವಾಗಿ ಹೇಳೋದು ಇದೇ: ಹಡಗು ಜಾಗ ಹಿಡಿಯೋದ್ರಲ್ಲಿ ತೊಂದರೆ ಅಂತ ಹಳದಿ ಅಲಾರಂ ಬಂದ್ರೆ ಕೈಲಿರೋ ಕೆಲಸ ಅಲ್ಲೇ ಬಿಟ್ಟು ಸುರಕ್ಷಿತ ಜಾಗಕ್ಕೆ ಬಂದುಬಿಡ್ಬೇಕು. ಕೆಂಪು ಬಂದ್ರೆ ಸೀದಾ ಬೆಲ್‌ಗೆ. ಇನ್ನೊಂದೇ ಬೋಲ್ಟ್ ಇತ್ತು ಅಂತ ನಿಂತ್ಕೋಬಾರದು, ಬೋಲ್ಟ್ ನಾಳೆನೂ ಅಲ್ಲೇ ಇರುತ್ತೆ.