ಆಪರೇಷನ್‌ಗೆ ಹಾಕುವ ಅಂಟಿನಲ್ಲಿ ದನ, ಹಂದಿಯ ಅಂಶ ಇಲ್ಲದ್ದು ಸಿಗುತ್ತದಾ? ಅದೇ ಜಾಸ್ತಿ ಸೇಫಾ?

ಸಿಗುತ್ತದೆ. ಆದರೆ ಜಾಸ್ತಿ ಸೇಫ್ ಅಂತ ಕಣ್ಣು ಮುಚ್ಚಿ ಹೇಳಲಾರೆ. ನಿಮ್ಮ ಅಮ್ಮನಿಗೆ ಮಂಗಳೂರಿನಲ್ಲಿ ಹೃದಯದ ಆಪರೇಷನ್ ಅಂತ ಬರೆದಿದ್ದೀರಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಬದಿಯಡ್ಕ ಕಡೆಯವನು, ಇಂಥ ಅಂಟುಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ.

ದೊಡ್ಡ ರಕ್ತನಾಳಕ್ಕೆ ಹಾಕುವ ಬಯೋಗ್ಲೂ ಅನ್ನುವ ಅಂಟಿನಲ್ಲಿ ದನದ ರಕ್ತದ ಆಲ್ಬುಮಿನ್ ಅನ್ನುವ ಪ್ರೋಟೀನ್ ಇದೆ, ಜೊತೆಗೆ ಅದನ್ನು ಹೆಣೆದು ಗಟ್ಟಿ ಮಾಡುವ ಗ್ಲುಟರಾಲ್ಡಿಹೈಡ್ ರಾಸಾಯನಿಕ. ಫೈಬ್ರಿನ್ ಅಂಟು ಮನುಷ್ಯರ ರಕ್ತದ ಪ್ಲಾಸ್ಮಾದಿಂದ ಬರುತ್ತದೆ. ಹಿಂದೆ ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಅನ್ನು ದನದಿಂದ ತೆಗೆದೂ ಬಳಸುತ್ತಿದ್ದರು. ಕೆಲವರ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡಿ, ಅದೇ ಆಂಟಿಬಾಡಿ ರಕ್ತ ಹೆಪ್ಪುಗಟ್ಟಲು ಬೇಕಾದ ಅವರದೇ ಫ್ಯಾಕ್ಟರ್ 5 ಅನ್ನುವ ಪ್ರೋಟೀನನ್ನೂ ಹಿಡಿದು, ರಕ್ತ ನಿಲ್ಲದೆ ಕಷ್ಟವಾದದ್ದಿದೆ. ಹಾಗಾಗಿ ಪ್ರಾಣಿಮೂಲ ಬೇಡ ಅನ್ನುವುದು ಬರೀ ಸಸ್ಯಾಹಾರಿಗಳ ಹಠ ಅಲ್ಲ.

ಇನ್ನು ಸಯನೋಅಕ್ರಿಲೇಟ್ ಅಂಟು ಪೂರ್ತಿ ರಾಸಾಯನಿಕ, ಚರ್ಮದ ಗಾಯಕ್ಕೆ ಒಳ್ಳೆಯದು. ಆದರೆ ದೇಹದ ಒಳಗೆ ಕರಗುವಾಗ ಫಾರ್ಮಾಲ್ಡಿಹೈಡ್ ಅನ್ನುವ ವಿಷಕಾರಿ ರಾಸಾಯನಿಕ ಬಿಡುತ್ತದೆ. ಕೋಸೀಲ್‌ನಂಥ ಪಾಲಿಎಥಿಲೀನ್ ಗ್ಲೈಕಾಲ್ ಅಂಟಿನಲ್ಲೂ ಪ್ರಾಣಿಯ ಅಂಶ ಇಲ್ಲ, ಆದರೆ ಅದು ನೀರು ಹೀರಿ ಉಬ್ಬುತ್ತದೆ, ಪಕ್ಕದಲ್ಲಿ ನರ ಇದ್ದರೆ ಯೋಚಿಸಬೇಕು. ಕೆಲವು ಅಂಟಿನಲ್ಲಿರುವ ಚಿಟೋಸಾನ್ ಸಾಮಾನ್ಯವಾಗಿ ಬರುವುದು ಸಿಗಡಿ, ಏಡಿಯ ಚಿಪ್ಪಿನಿಂದ, ನೆನಪಿರಲಿ.

ಹಲಸಿನಕಾಯಿ ಕೊಯ್ಯುವಾಗ ಕೈಗೆ ಎಣ್ಣೆ ಹಚ್ಚಿದರೆ ಮೇಣ ಅಂಟುವುದಿಲ್ಲ ಅಲ್ವಾ, ಒಳಗಿನ ಅಂಗಗಳ ಮೇಲೂ ಅಂಟಿಗೆ ಅದೇ ತೊಂದರೆ: ಎಲ್ಲ ಒದ್ದೆ, ಜಾರುತ್ತದೆ. ಅದಕ್ಕೆ ನಾವು ಒಣ ಗಾಜಿನ ಮೇಲೆ ನೋಡಿ ಬಿಡುವುದಿಲ್ಲ. ಪರೀಕ್ಷೆಗೆ ಇಟ್ಟ ತೆಳು ಪದರಕ್ಕೆ ತೂತು ಮಾಡಿ, ಅಂಟು ಹಾಕಿ, 37 ಡಿಗ್ರಿಯ ಉಪ್ಪುನೀರನ್ನು ಹಿಂದಿನಿಂದ ಒತ್ತಡ ಕೊಟ್ಟು ನುಗ್ಗಿಸಿ, ಎಷ್ಟಕ್ಕೆ ಒಡೆಯುತ್ತದೆ ಅಂತ ಅಳೆಯುತ್ತೇವೆ. ಆಮೇಲೆ ಅಂಟಿನಿಂದ ಬಿಟ್ಟ ಸಾರವನ್ನು ಜೀವಕೋಶಗಳ ಮೇಲೆ ಹಾಕಿ ಸಾಯುತ್ತವಾ ನೋಡುತ್ತೇವೆ. ತಮಾಷೆ ಏನೆಂದರೆ, ಎಳೆದು ನೋಡುವ ಪರೀಕ್ಷೆಗೆ ಹಂದಿಯ ಚರ್ಮವೇ ಬೇಕು, ಆ ಜೀವಕೋಶಗಳು ಇಲಿಯದು. ಪ್ರಾಣಿಮೂಲ ಇಲ್ಲ ಅಂತ ಡಬ್ಬಿ ಮೇಲೆ ಬರೆದಿದ್ದರೂ ಪರೀಕ್ಷೆಯ ದಾರಿ ಹಾಗಿರುವುದಿಲ್ಲ.

ಅಡ್ಮಿಟ್ ಆಗುವ ಮೊದಲೇ ಸರ್ಜನ್ ಹತ್ತಿರ ಕೇಳಿ, ಹಿಂದೆ ಇಂಥ ಅಂಟು ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ. ಮತ್ತೊಂದು: ಹೃದಯದ ಆಪರೇಷನ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿ ಬರುವುದು ಹೆಚ್ಚಾಗಿ ಹಂದಿಯ ಕರುಳಿನಿಂದ. ಅಂಟಿನಲ್ಲಿ ಆಯ್ಕೆ ಕೇಳಬಹುದು, ಹೆಪಾರಿನ್ ಬೇಡ ಅಂತ ಮಾತ್ರ ಹಠ ಹಿಡಿಯಬೇಡಿ.