ಮತದಾನದ ವಯಸ್ಸಾಗದ ಮಕ್ಕಳು ಪಂಚಾಯಿತಿಯ ತೀರ್ಮಾನಗಳಲ್ಲಿ ಪಾಲ್ಗೊಳ್ಳಬಹುದೇ?

ಪಾಲ್ಗೊಳ್ಳಬಹುದು, ಮತ ಹಾಕುವಂತಿಲ್ಲ ಅಷ್ಟೆ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆಯೆಂದೂ, ಅವರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ಮನ್ನಣೆ ಸಲ್ಲಬೇಕೆಂದೂ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಕರ್ನಾಟಕದಲ್ಲಿ ಇದಕ್ಕಿರುವ ವೇದಿಕೆ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆ. ಕೊಳವೆಬಾವಿಯ ಫ್ಲೋರೈಡ್ ನೀರಿನ ತೊಂದರೆಯಿರುವ ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ, ಅದು ದಿನವೂ ಬಾಟಲಿ ಹಿಡಿದು ಶಾಲೆಗೆ ಹೋಗುವ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದು ಹೇಳಿದಾಗ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಯಾವ ಅನುದಾನದಲ್ಲಿ, ಯಾವಾಗ ಸರಿಪಡಿಸಲಾಗುವುದೆಂದು ಸಭೆಯಲ್ಲೇ ತಿಳಿಸಬೇಕು. ಭಾಷಣ, ಬಿಸ್ಕತ್ತು, ಗುಂಪು ಫೋಟೊಗಳಲ್ಲೇ ಮುಗಿಯುವ ಸಭೆಯನ್ನು ನಾನಂತೂ ಪಾಲ್ಗೊಳ್ಳುವಿಕೆ ಎನ್ನಲಾರೆ. ಮುಂದಿನ ವರ್ಷದ ಸಭೆ ಹಿಂದಿನ ಬೇಡಿಕೆಗಳ ಪಾಲನಾ ವರದಿಯಿಂದಲೇ ಆರಂಭವಾಗಲಿ ಎಂದು ಶಿಕ್ಷಕರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಮೊದಲೇ ಲಿಖಿತವಾಗಿ ಕೇಳುವುದು ಒಳ್ಳೆಯದು.